ಕತ್ತಿನ ಹಿಂದಿನ ಗಂಟುಗಳು

ಕಡಬದಿಂದ ಒಬ್ಬ ತಾಯಿ ಬರೆದ ಪತ್ರವು ನಮ್ಮ ಮುಂದಿದೆ. ನಾಲ್ಕು ಪುಟಗಳ ಪತ್ರ. ಕೊನೆಯ ಪುಟದಲ್ಲಿ ಅಕ್ಷರಗಳು ಅಲ್ಲಲ್ಲಿ ಕಲಸಿಹೋಗಿವೆ. ಇವರದು ಮೂಲತಃ ವಿಜಯಪುರ ಜಿಲ್ಲೆಯ ಕುಟುಂಬ. ಮಗನಿಗೆ ಸರಕಾರಿ ಶಾಲೆಯ ಶಿಕ್ಷಕ ಹುದ್ದೆ ದೊರೆತು ಘಟ್ಟದ ಕೆಳಗೆ ಬಂದು ಆರು ವರ್ಷಗಳಾದವು. ತಾಯಿಯೂ ಜೊತೆಯಲ್ಲಿದ್ದಾರೆ. ಎರಡು ವರ್ಷಗಳ ಹಿಂದೆ ಮಗನ ಕತ್ತಿನ ಹಿಂಬದಿಯಲ್ಲಿ, ಕೂದಲು ಮುಗಿಯುವ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಗುಳ್ಳೆಗಳೆದ್ದವು. ತುರಿಕೆ ಇತ್ತು, ಒಮ್ಮೊಮ್ಮೆ ಕೀವು ಬರುತ್ತಿತ್ತು. ಬರಬರುತ್ತ ಗುಳ್ಳೆಗಳು ಗಟ್ಟಿಯಾಗಿ, ಒಂದಕ್ಕೊಂದು ಕೂಡಿಕೊಂಡು, ಈಗ ಅಡ್ಡಲಾಗಿ ಒಂದು ದಪ್ಪ ಪಟ್ಟಿಯೇ ಆಗಿದೆ. ಅದರ ಮೇಲೆ ಕೂದಲಿಲ್ಲ.

ಇಷ್ಟಾದರೆ ತಾಯಿ ನಮಗೆ ಬರೆಯುತ್ತಿರಲಿಲ್ಲವೇನೋ. ಕಳೆದ ಬೇಸಗೆ ರಜೆಯಲ್ಲಿ ಊರಿನಲ್ಲಿ ಹೆಣ್ಣು ನೋಡಿ ಮಾತು ಮುಂದುವರಿದಿತ್ತು. ಮಠದ ಅಯ್ಯನವರು ಮನೆಗೆ ಬಂದಿದ್ದಾಗ ಹುಡುಗನು ಪಾದಕ್ಕೆರಗಲು ಬಾಗಿದ್ದಾನೆ. ಹಿಂದೆ ನಿಂತಿದ್ದ ಹೆಣ್ಣಿನ ಸೋದರಮಾವನ ಕಣ್ಣಿಗೆ ಆ ಪಟ್ಟಿ ಬಿದ್ದಿದೆ. 'ಕುಷ್ಠವೋ ಏನೋ, ಅಂಟುವ ರೋಗವಿರಬೇಕು' ಎಂಬ ಮಾತು ಅಡುಗೆಮನೆಯವರೆಗೆ ಹರಿದುಹೋಗಿದೆ. ಅಂದಿನಿಂದ ಆ ಕಡೆಯಿಂದ ಸುದ್ದಿಯಿಲ್ಲ. ಇತ್ತ ಮಗನು ಉರಿ ತಾಳಲಾರದೆ ಕೊರಳಿನ ಶಿವದಾರವನ್ನು ತೆಗೆದು ಲಿಂಗವನ್ನು ಜಗುಲಿಯ ಮೇಲಿಟ್ಟುಬಿಟ್ಟಿದ್ದಾನೆ. ತಾಯಿಗೆ ಯಾವ ದುಃಖ ಹೆಚ್ಚಿನದು ಎಂದು ಪತ್ರವನ್ನು ಓದಿದ ನಮಗೆ ನಿಶ್ಚಯಿಸಲಾಗಲಿಲ್ಲ.

ಮೊದಲಿಗೆ ಅವರ ಹೆದರಿಕೆಗೆ ಉತ್ತರ. ಪತ್ರದಲ್ಲಿ ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ಇದು ಬಹುಮಟ್ಟಿಗೆ ವೈದ್ಯರು 'ಆಕ್ನಿ ಕೆಲಾಯ್ಡಾಲಿಸ್ ನೂಕೆ' ಎಂದು ಕರೆಯುವ ವ್ಯಾಧಿ. ಕಣ್ಣಾರೆ ಕಾಣದೆ ಯಾರೂ ಖಚಿತವಾಗಿ ಹೇಳಬಾರದು. ಆದ್ದರಿಂದ ಚರ್ಮತಜ್ಞರಿಗೆ ತೋರಿಸಿ ನಿಶ್ಚಯಪಡಿಸಿಕೊಳ್ಳಲೇಬೇಕು. ಆದರೆ ಆ ವ್ಯಾಧಿಯೇ ಆಗಿದ್ದರೆ, ಅದು ಕುಷ್ಠವಲ್ಲ, ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದರೆ ಯಾರಿಗೂ ಬರುವುದಿಲ್ಲ. ಕುಷ್ಠದ ವಿಚಾರವಾಗಿಯೂ ಒಂದು ಮಾತು ಸೇರಿಸುತ್ತೇವೆ. ಕುಷ್ಠದಲ್ಲಿ ಚರ್ಮದ ಮಚ್ಚೆಯು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದೇ ಮುಖ್ಯ ಗುರುತು. ಇಲ್ಲಿಯಾದರೋ ತುರಿಕೆ, ನೋವು, ಉರಿ. ಕುಷ್ಠಕ್ಕೂ ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹುಔಷಧ ಚಿಕಿತ್ಸೆಯಿಂದ ಪೂರ್ಣ ಗುಣವಿದೆ. ಆ ಸೋದರಮಾವನವರ ಹೆದರಿಕೆಯು ಎರಡು ಬಗೆಯಲ್ಲಿಯೂ ಹಳತು.

ಈ ವ್ಯಾಧಿಯ ಹೆಸರೇ ತಪ್ಪು ಹೆಸರೆಂದು ವೈದ್ಯರೇ ಒಪ್ಪುತ್ತಾರೆ. ಹೆಸರಿನಲ್ಲಿ ಮೊಡವೆಯಿದೆ, ಆದರೆ ಇದು ಮೊಡವೆಯಲ್ಲ. ಕೆಲಾಯ್ಡ್ ಎಂದರೆ ಗಾಯದ ಎಲ್ಲೆಯನ್ನು ಮೀರಿ ಬೆಳೆಯುವ ಗಂಟುಕಲೆ. ಇದು ಅದೂ ಅಲ್ಲ. ವಿಯೆನ್ನಾ ನಗರದ ಹೆಸರಾಂತ ಚರ್ಮವೈದ್ಯ ಹೆಬ್ರಾ ಇದನ್ನು 1860ರಲ್ಲಿ ಒಂದು ಹೆಸರಿನಿಂದ ವರ್ಣಿಸಿದನು. ಅವನ ಶಿಷ್ಯನೂ ಅಳಿಯನೂ ಆದ ಕಪೋಸಿ 1869ರಲ್ಲಿ ಇನ್ನೊಂದು ಹೆಸರನ್ನಿಟ್ಟನು. ಫ್ರಾನ್ಸಿನ ಬಜಾಂ 1872ರಲ್ಲಿ ಈಗಿನ ಹೆಸರಿಗೆ ಮೂಲವಾದ ಹೆಸರನ್ನು ಕೊಟ್ಟನು. ಮಾವ, ಅಳಿಯ, ಹೊರಗಿನವ ಮೂವರೂ ಸೇರಿ ಇಟ್ಟ ಹೆಸರುಗಳಲ್ಲಿ ಸರಿಯಾದುದು ಉಳಿಯಲಿಲ್ಲವೆಂದು ಕಾಣುತ್ತದೆ. ನಾವು ಇದನ್ನು ಕತ್ತಿನ ಗಂಟುಗುಳ್ಳೆ ಎನ್ನೋಣ.

ಒಳಗೆ ನಡೆಯುವುದೇನು? ನಮ್ಮ ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಚಿಕ್ಕ ಚೀಲದಲ್ಲಿ ಬೇರೂರಿದೆ. ಆ ಚೀಲದ ಮೇಲ್ಭಾಗದಲ್ಲಿ ಉರಿಯೂತ ಆರಂಭವಾಗುತ್ತದೆ. ಉರಿಯೂತ ಹೆಚ್ಚಿದಂತೆ ಚೀಲದ ಗೋಡೆ ಒಡೆಯುತ್ತದೆ, ಕೂದಲಿನ ತುಂಡು ಒಳಚರ್ಮಕ್ಕೆ ಜಾರುತ್ತದೆ. ಹೊರಗೆ ನಮ್ಮದೇ ಆಗಿದ್ದ ಕೂದಲು ಒಳಗೆ ಹೋದೊಡನೆ ದೇಹಕ್ಕೆ ಪರಕೀಯವಾಗುತ್ತದೆ. ಅಂಗಾಲಿಗೆ ಚುಚ್ಚಿದ ಮುಳ್ಳು ಒಳಗೇ ಮುರಿದುಳಿದರೆ ಸುತ್ತಲೂ ಹೇಗೆ ಬಾವು ಕಟ್ಟುವುದೋ ಹಾಗೆ ದೇಹವು ಆ ಕೂದಲಿನ ಸುತ್ತ ಹೋರಾಟಕ್ಕೆ ನಿಲ್ಲುತ್ತದೆ. ಹೋರಾಟ ಮುಗಿದಲ್ಲಿ ಗಟ್ಟಿಯಾದ ನಾರುಕಲೆ ಉಳಿಯುತ್ತದೆ. ಹತ್ತಾರು ಕೂದಲುಗಳ ಬುಡದಲ್ಲಿ ಹೀಗಾದಾಗ ಕಲೆಗಳು ಕೂಡಿ ಪಟ್ಟಿಯಾಗುತ್ತವೆ. ಪಟ್ಟಿಯ ಅಂಚಿನಲ್ಲಿ ಕೆಲವೊಮ್ಮೆ ಒಂದೇ ರಂಧ್ರದಿಂದ ನಾಲ್ಕಾರು ಕೂದಲು ಒಟ್ಟಾಗಿ ಮೇಲೆದ್ದಿರುವುದನ್ನು ಕಾಣಬಹುದು. ಗದ್ದೆಯಲ್ಲಿ ಒಂದೇ ಬುಡಕ್ಕೆ ನಾಟಿದ ನೇಜಿಯ ಹಾಗೆ. ಕೀವು ಕಂಡಾಗ ಜನರು ಇದನ್ನು ಕುರ ಎನ್ನುತ್ತಾರೆ, ಹಿಂಡಿ ತೆಗೆಯಲು ಹೋಗುತ್ತಾರೆ. ಬ್ಯಾಕ್ಟೀರಿಯಾಗಳು ಇಲ್ಲಿ ಬಹುತೇಕ ಆಮೇಲೆ ಬಂದು ಸೇರುವ ಅತಿಥಿಗಳು. ಮನೆಗೆ ಬೆಂಕಿಯಿಟ್ಟವರು ಅವರಲ್ಲ. ಹಿಂಡಿದರೆ ಮತ್ತಷ್ಟು ಚೀಲಗಳು ಒಡೆಯುತ್ತವೆ, ಅಷ್ಟೆ.

ಇದು ಪ್ರಾಯಕ್ಕೆ ಬಂದ ಗಂಡಸರ ವ್ಯಾಧಿ. ಬಾಲ್ಯದಲ್ಲಿ ಕಾಣುವುದಿಲ್ಲವೆಂದೇ ಹೇಳಬೇಕು, ಹೆಂಗಸರಲ್ಲಿ ಅಪರೂಪ. ಚಿಕ್ಕ ಹೆಣ್ಣುಮಕ್ಕಳ ಕತ್ತಿನಲ್ಲಿ ಗುಳ್ಳೆಯೆದ್ದರೆ ತಾಯಂದಿರು ಮೊದಲು ಹೇನು-ಸೀರುಗಳಿವೆಯೇ ಎಂದು ಜಡೆ ಬಿಚ್ಚಿ ನೋಡಲಿ, ಈ ಲೇಖನವನ್ನು ಓದಿ ಗಾಬರಿಯಾಗುವುದು ಬೇಡ. ಆಫ್ರಿಕಾ ಮೂಲದ, ಸುರುಳಿಗೂದಲಿನ ಪುರುಷರಲ್ಲಿ ಇದು ಎಲ್ಲರಿಗಿಂತ ಹೆಚ್ಚು. ನಮ್ಮ ದೇಶದವರಲ್ಲಿಯೂ ಕಂಡುಬರುತ್ತದೆ. ದಪ್ಪ ಮೈ, ಸಿಹಿಮೂತ್ರ, ರಕ್ತದೊತ್ತಡ ಇವುಗಳ ಜೊತೆಗೆ ಇದಕ್ಕೆ ನಂಟಿರುವುದನ್ನು ವೈದ್ಯರು ಗುರುತಿಸಿದ್ದಾರೆ. ಆದ್ದರಿಂದ ಕತ್ತನ್ನು ತೋರಿಸಲು ಹೋದ ದಿನವೇ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

'ನಮ್ಮೂರಿನಲ್ಲಿದ್ದಾಗ ಇಲ್ಲದ್ದು ಈ ಊರಿಗೆ ಬಂದ ಮೇಲೆ ಏಕಾಯಿತು?' ಎಂದು ತಾಯಿ ಕೇಳಿದ್ದಾರೆ. ಪುತ್ತೂರು, ಸುಳ್ಯ, ಮತ್ತು ಅವೆರಡರ ಹಳ್ಳಿಗಳನ್ನು ಕೂಡಿಸಿ ಈಚೆಗೆ ರಚಿಸಿದ ಕಡಬ, ಈ ಮೂರೂ ತಾಲೂಕುಗಳು ಸಹ್ಯಾದ್ರಿಯ ಪಾದದಲ್ಲಿರುವ ಮಳೆಯ ನಾಡು. ಸಿದ್ಧೇಶ್ವರನ ಸೀಮೆಯಲ್ಲಿ ಐದಾರು ವರ್ಷಗಳಲ್ಲಿ ಬೀಳುವಷ್ಟು ಮಳೆ ಇಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ. ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ ತಪ್ಪುವುದಿಲ್ಲ. ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ಅಡಿಕೆ ತೋಟದ ನೆರಳಿನಲ್ಲಿ ನಿಂತರೂ ಅಂಗಿಯ ಕಾಲರು ಬೆವರಿನಿಂದ ಒದ್ದೆ. ಸೆಕೆ, ತೇವ, ತಿಕ್ಕಾಟ ಈ ಮೂರು ಕೂಡಿದಾಗ ಆಗಲೇ ಒಳಗಿದ್ದ ಪ್ರವೃತ್ತಿಯು ಕೆರಳುತ್ತದೆ. ಊರೇ ರೋಗವನ್ನು ಕೊಟ್ಟಿತೆಂದು ದೂರಬಾರದು. ವಿಜಯಪುರದಲ್ಲಿಯೂ ಈ ವ್ಯಾಧಿ ಇರಬಹುದು. ಗಟ್ಟಿ ಕಾಲರು, ಮಳೆಯಂಗಿಯ ಪ್ಲಾಸ್ಟಿಕ್ ಕೊರಳು, ದಿನವೂ ಶಾಲೆಗೆ ಹೋಗಿಬರುವ ಬೈಕಿನ ಹೆಲ್ಮೆಟ್ಟಿನ ಹಿಂದಿನ ಅಂಚು, ಇವೆಲ್ಲ ಒಂದೇ ಜಾಗವನ್ನು ತಿಕ್ಕುತ್ತಿರುತ್ತವೆ. ಮುಂಜಾನೆ ತಲೆಗೆ ದೀಪದ ಪಟ್ಟಿ ಬಿಗಿದುಕೊಂಡು ರಬ್ಬರಿನ ಹಾಲು ತೆಗೆಯಲು ಹೊರಡುವ ಸುಳ್ಯದ ಕೂಲಿಕಾರರೂ ಈ ಮಾತನ್ನು ಗಮನಿಸಬೇಕು. ಹಾಳೆಯ ಮುಟ್ಟಾಳೆಯನ್ನು ಕಂಡುಹಿಡಿದ ತುಳುನಾಡಿನ ಹಿರಿಯರು ಜಾಣರು: ಅದು ತಲೆಯ ಮೇಲೆ ಹಗುರಾಗಿ ಕುಳಿತು ಕತ್ತಿನ ಗೋಜಿಗೇ ಹೋಗುವುದಿಲ್ಲ. ಹೆಲ್ಮೆಟ್ಟನ್ನು ಮಾತ್ರ ಯಾರೂ ಬಿಡಕೂಡದು. ಕತ್ತು ಉಳಿಸಲು ಹೋಗಿ ತಲೆ ಕಳೆದುಕೊಂಡ ಹಾಗಾದೀತು. ಒಳಗೆ ಮೆತ್ತನೆಯ ಹತ್ತಿಯ ಬಟ್ಟೆ ಹಾಕಿಕೊಂಡು, ಆ ಬಟ್ಟೆಯನ್ನು ದಿನವೂ ಒಗೆದರೆ ಸಾಕು.

ಎಲ್ಲಕ್ಕಿಂತ ಮಿಗಿಲಾದ ತಿಕ್ಕಾಟವೆಂದರೆ ಕತ್ತಿನ ಹಿಂದೆ ಆಡುವ ಬ್ಲೇಡು. ಕೂದಲನ್ನು ಚರ್ಮದ ಮಟ್ಟಕ್ಕೆ ಹೆರೆದಾಗ ತುದಿ ಚೂಪಾಗಿ, ಮತ್ತೆ ಬೆಳೆಯುವಾಗ ಚರ್ಮವನ್ನೇ ಚುಚ್ಚುವ ಸಂಭವ ಹೆಚ್ಚು. ಈಗಿನ ತರುಣರು ಬಯಸುವ ಕಟಿಂಗಿನಲ್ಲಿ ಕಿವಿಯ ಮೇಲಿನಿಂದ ಕತ್ತಿನವರೆಗೆ ಸೊನ್ನೆ ನಂಬರಿನ ಮೆಷಿನ್ ಓಡಿಸಿ, ಕೊನೆಗೆ ಬ್ಲೇಡಿನಿಂದ ಗೆರೆ ಕೊರೆಯುತ್ತಾರೆ. ಈ ವ್ಯಾಧಿಯ ಪ್ರವೃತ್ತಿಯುಳ್ಳವರು ಅದನ್ನು ಬಿಡಲೇಬೇಕು. ಬ್ಲೇಡು ಮುಟ್ಟಿಸದೆ ಕತ್ತರಿಯಿಂದ, ಸ್ವಲ್ಪ ಉದ್ದ ಉಳಿಯುವಂತೆ ಕತ್ತರಿಸಿರಿ ಎಂದು ಮೊದಲೇ ಹೇಳಿ ಕುಳಿತುಕೊಳ್ಳಬೇಕು. ಪತ್ರದಲ್ಲಿ ಇನ್ನೊಂದು ಸಂಗತಿಯಿದೆ: ಕ್ಷೌರದಂಗಡಿಯಲ್ಲಿ 'ಎಲ್ಲರದೂ ಆದ ಮೇಲೆ ಬನ್ನಿ' ಎಂದು ಹೇಳಿ ಕಳುಹಿಸಿದರಂತೆ. ಅಂಗಡಿಯವರನ್ನು ನಾವು ಹಳಿಯುವುದಿಲ್ಲ. ಕೀವು ರಕ್ತಗಳನ್ನು ಕಂಡು ಎಚ್ಚರ ವಹಿಸುವುದು ಅವರ ಕಸುಬಿನ ಧರ್ಮ. ಹಡಪದ ಅಪ್ಪಣ್ಣನವರನ್ನು ಮೂಲಪುರುಷರೆಂದು ನೆನೆಯುವ ಆ ಕಾಯಕಕ್ಕೆ ನಮ್ಮ ಸಮಾಜದಲ್ಲಿ ಹನ್ನೆರಡನೆಯ ಶತಮಾನದಿಂದಲೇ ಗೌರವವುಂಟು. ಕೀವು ಇರುವಷ್ಟು ದಿನ ಮಗನು ತನ್ನದೇ ಬಾಚಣಿಗೆ, ಕತ್ತರಿ, ಟವೆಲುಗಳನ್ನು ಒಯ್ದು 'ಇದು ಅಂಟುವುದಿಲ್ಲ, ಆದರೆ ರಕ್ತ ಬರಬಹುದು, ಬ್ಲೇಡು ಬೇಡ' ಎಂದು ತಿಳಿಸಿ ಹೇಳಿದರೆ ಅವರು ತಪ್ಪದೆ ಸಹಕರಿಸುವರೆಂದು ನಮ್ಮ ನಂಬಿಕೆ.

ಶಿವದಾರದ ವಿಷಯವನ್ನು ತಾಯಿ ಅಳುಕುತ್ತ ಕೇಳಿದ್ದಾರೆ. ಬೆಳ್ಳಿಯ ಕರಡಿಗೆಯ ಭಾರವೆಲ್ಲ ದಾರದ ಮೂಲಕ ಕತ್ತಿನ ಹಿಂಬದಿಯ ಅಂಗುಲದಷ್ಟು ಜಾಗದ ಮೇಲೆ ಬೀಳುತ್ತದೆ. ಬೆವರಿನಿಂದ ದಾರ ಬಿರುಸಾಗಿದ್ದರೆ ಗರಗಸದಂತೆ ಆಡುತ್ತದೆ. ಉರಿಯುವ ಗಾಯದ ಮೇಲೆ ಅದನ್ನು ಹೊರಬೇಕೆಂದು ಶರಣರು ಎಲ್ಲಿಯೂ ವಿಧಿಸಿಲ್ಲ. ಆದರೆ ಲಿಂಗವನ್ನು ಜಗುಲಿಯ ಮೇಲಿಡುವುದೊಂದೇ ದಾರಿಯೂ ಅಲ್ಲ. ಹೆಗಲಿನಿಂದ ಕಂಕುಳಿನ ಕಡೆಗೆ ಅಡ್ಡಲಾಗಿ ಧರಿಸುವ ರೂಢಿಯು ನಮ್ಮ ಎಷ್ಟೋ ಮನೆಗಳಲ್ಲಿದೆ. ಹಾಗೆ ಧರಿಸಿದರೆ ದಾರವು ಹೆಗಲ ಮೇಲೆ ಕೂರುತ್ತದೆ, ಕೂದಲಂಚನ್ನು ಮುಟ್ಟುವುದಿಲ್ಲ. ಭಾರವಾದ ಕರಡಿಗೆಯ ಬದಲು ಬಿಳಿಯ ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದು. ಮೆತ್ತನೆಯ ಹತ್ತಿಯ ದಾರವಿರಲಿ, ವಾರಕ್ಕೊಮ್ಮೆ ತೊಳೆದು ಒಣಗಿಸಿದ್ದಾಗಿರಲಿ. ವಿಭೂತಿಯನ್ನು ಗಾಯ ಮಾಯುವ ತನಕ ಕತ್ತಿನ ಹಿಂದೆ ಧರಿಸದೆ ಹಣೆ, ತೋಳು, ಎದೆಗಳಲ್ಲಿ ಧರಿಸಿದರಾಯಿತು. ಈ ಮಾತನ್ನು ತಾಯಿ ಹೇಳಿದರೆ ಮಗನು ಕೇಳದಿರಬಹುದು. ಅದೇ ಅಯ್ಯನವರಿಂದ ಹೇಳಿಸಲಿ.

ಇನ್ನು ಕುಕ್ಕೆಯ ಮಾತು. ಮನೆಯ ಒಡೆಯರು, ಒಳ್ಳೆಯ ಜನ, 'ನಾಗದೋಷವಿರಬೇಕು, ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ ಮಾಡಿಸಿ, ಮೃತ್ತಿಕೆ ಹಚ್ಚಿಸಿ' ಎಂದಿದ್ದಾರೆ. ತುಳುನಾಡಿನಲ್ಲಿ ಚರ್ಮವ್ಯಾಧಿಗಳೆಲ್ಲ ನಾಗನ ಸೀಮೆಗೆ ಸೇರಿದವು ಎಂಬ ಭಾವನೆ ಬಹಳ ಹಿಂದಿನದು. ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆಯಲ್ಲಿ ಹುತ್ತದ ಮಣ್ಣೇ ಪ್ರಸಾದ. ಚಂಪಾಷಷ್ಠಿಯ ದಿನಗಳಲ್ಲಿ ಅಲ್ಲಿ ನಡೆಯುತ್ತಿದ್ದ ಮಡೆಸ್ನಾನವನ್ನು ನಮ್ಮ ವಾಚಕರು ಮರೆತಿರಲಾರರು. ಬ್ರಾಹ್ಮಣರು ಉಂಡುಬಿಟ್ಟ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುವುದೆಂಬ ನಂಬಿಕೆಯಿಂದ ನೂರಾರು ಜನರು ಉರುಳುತ್ತಿದ್ದರು. ಅದನ್ನು ಬಹಿರಂಗವಾಗಿ ಪ್ರತಿಭಟಿಸಿದವರಲ್ಲಿ ನಿಡುಮಾಮಿಡಿ ಮಠದ ಶ್ರೀ ವೀರಭದ್ರ ಚನ್ನಮಲ್ಲ ಸ್ವಾಮಿಗಳು ಪ್ರಮುಖರು. ವಿವಾದವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಕೊನೆಗೆ 2017ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆಯಲ್ಲಿ ಎಂಜಲೆಲೆಯ ಮೇಲೆ ಉರುಳುವುದು ನಿಷಿದ್ಧ ಪದ್ಧತಿಗಳಲ್ಲಿ ಒಂದಾಯಿತು. ಆ ಕಾಯಿದೆಯು 2020ರ ಜನವರಿಯಲ್ಲಿ ಜಾರಿಗೆ ಬಂದಿತು.

ಉರುಳಿದವರನ್ನು ನಗುವ ಮನಸ್ಸು ನಮಗಿಲ್ಲ. ವರ್ಷಗಟ್ಟಲೆ ತುರಿಕೆ, ಕೀವು, ನೆರೆಯವರ ಓರೆನೋಟ ಇವುಗಳಿಂದ ಬಳಲಿದವನಿಗೆ ಯಾರು ಯಾವ ದಾರಿ ತೋರಿಸಿದರೂ ನಡೆಯಬೇಕೆನಿಸುತ್ತದೆ. ಚರ್ಮವ್ಯಾಧಿಗಳಲ್ಲಿ ಹಲವು ತಾವಾಗಿಯೇ ಕೆರಳಿ ತಾವಾಗಿಯೇ ತಣಿಯುತ್ತವೆ. ಈ ಗಂಟುಗುಳ್ಳೆಯೂ ಚಳಿಯ ತಿಂಗಳುಗಳಲ್ಲಿ, ಬೆವರು ಕಡಿಮೆಯಾದಾಗ, ಕೆಲವರಿಗೆ ಶಾಂತವಾದಂತೆ ತೋರಬಹುದು. ಷಷ್ಠಿ ಬರುವುದೂ ಆ ಕಾಲದಲ್ಲಿಯೇ. ಆದರೆ ಒಳಗಿನ ಕಲೆ ಹಾಗೆಯೇ ಇರುತ್ತದೆ, ಬೇಸಗೆಗೆ ಮತ್ತೆ ಕೆರಳುತ್ತದೆ. ಮನೆಯೊಡೆಯರ ಮನಸ್ಸನ್ನು ನೋಯಿಸದೆ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳಿರಿ. ಒಸರುವ ಗಾಯಕ್ಕೆ ಮಾತ್ರ ಮಣ್ಣು, ಸುಣ್ಣ, ಅರಸಿನ ಯಾವುದನ್ನೂ ಮೆತ್ತಬೇಡಿರಿ. ಗಂಟಿನ ಬುಡಕ್ಕೆ ದಾರ ಬಿಗಿದು ಉದುರಿಸುವ ಸಾಹಸವೂ ಬೇಡ.

ಔಷಧದಂಗಡಿಯಿಂದ ಕೇಳಿ ತಂದ ಟ್ಯೂಬಿನ ಹೆಸರನ್ನು ತಾಯಿ ಬರೆದಿದ್ದಾರೆ. ಇದು ಸ್ಟೀರಾಯ್ಡು, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಕಲಸಿದ ಮುಲಾಮು. ಹಚ್ಚಿದ ವಾರದಲ್ಲಿ ತುರಿಕೆ ನಿಲ್ಲುತ್ತದೆ, ಬಿಟ್ಟ ವಾರದಲ್ಲಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂಥ ಮುಲಾಮುಗಳ ದುರುಪಯೋಗ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರಕಾರವು ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಸ್ಟೀರಾಯ್ಡು ಇಲ್ಲಿ ಶತ್ರುವಲ್ಲ. ವೈದ್ಯರ ಕೈಯಲ್ಲಿ ಅದೇ ಮುಖ್ಯ ಆಯುಧ. ಗುಳ್ಳೆಗಳು ಚಿಕ್ಕವಾಗಿದ್ದಾಗ ತೀವ್ರವಾದ ಸ್ಟೀರಾಯ್ಡು ಮುಲಾಮನ್ನು ಕೆಲವು ವಾರ ಹಚ್ಚಿಸಿ, ಕೆಲವು ವಾರ ಬಿಡಿಸಿ, ಲೆಕ್ಕ ಹಿಡಿದು ಕೊಡುತ್ತಾರೆ. ಜೊತೆಗೆ ರಾತ್ರಿ ಹಚ್ಚಲು ಟ್ರೆಟಿನಾಯಿನ್ ಕೊಡುವುದುಂಟು. ಕೀವು, ಬಾವು ಇದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆಗಳನ್ನು ಹಲವು ವಾರ ನುಂಗಬೇಕಾಗುತ್ತದೆ. ಅದನ್ನು ತುಂಬ ನೀರಿನೊಡನೆ ನುಂಗಿ ಕೂಡಲೇ ಮಲಗಬಾರದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆಯಾದ್ದರಿಂದ ಶಾಲೆಯ ಆಟದ ತರಗತಿಯನ್ನು ನೆರಳಿನಲ್ಲಿ ಮಾಡಲಿ. ಮನೆಯಲ್ಲಿ ಬಸುರಿಯರೂ ಚಿಕ್ಕ ಮಕ್ಕಳೂ ಇದ್ದರೆ ಈ ಗುಳಿಗೆ ಅವರ ಕೈಗೆ ಸಿಗದಿರಲಿ.

ಗಟ್ಟಿಯಾದ ಗಂಟುಗಳಿಗೆ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಗಂಟಿನೊಳಗೇ ಚುಚ್ಚುತ್ತಾರೆ. ತಿಂಗಳಿಗೊಮ್ಮೆಯಂತೆ ಕೆಲವು ಸಲ ಚುಚ್ಚಿದಾಗ ಗಂಟು ಮೆತ್ತಗಾಗಿ ತಗ್ಗುತ್ತದೆ. ಚುಚ್ಚಿದ ಜಾಗದಲ್ಲಿ ಚರ್ಮ ಕೆಲಕಾಲ ಬೆಳ್ಳಗಾಗಬಹುದು. ಅದನ್ನು ಕಂಡು ಯಾರಾದರೂ 'ತೊನ್ನು' ಎಂದು ಹೊಸ ಸುದ್ದಿ ಹಬ್ಬಿಸುವ ಮೊದಲೇ ಮನೆಯವರು ತಿಳಿದಿರಲೆಂದು ಹೇಳುತ್ತಿದ್ದೇವೆ. ಕೂದಲಿನ ಬೇರನ್ನೇ ಸುಡುವ ಲೇಸರ್ ಚಿಕಿತ್ಸೆಯೂ ಇದೆ. ಕೂದಲೇ ಇಲ್ಲವಾದರೆ ಚುಚ್ಚುವ ಮುಳ್ಳೂ ಇಲ್ಲವಾಯಿತು. ನಮ್ಮಂಥ ಕಪ್ಪು ಚರ್ಮದವರಿಗೆ ತಕ್ಕ ಯಂತ್ರವಿರುವ, ಅನುಭವವುಳ್ಳ ಕಡೆಯಲ್ಲಿ ಮಾಡಿಸಬೇಕು. ಹಲವು ಸರದಿಗಳು ಬೇಕು, ಖರ್ಚೂ ಉಂಟು. ಪಟ್ಟಿ ಬಹಳ ದಪ್ಪವಾಗಿದ್ದರೆ ಶಸ್ತ್ರಕ್ರಿಯೆ. ಮೇಲಿನ ಗಂಟನ್ನು ಮಾತ್ರ ಸವರಿದರೆ ಮತ್ತೆ ಬರುತ್ತದೆ. ಕೂದಲಿನ ಬೇರು ಇರುವ ಆಳದವರೆಗೆ ಕತ್ತರಿಸಿ, ಎಷ್ಟೋ ವೇಳೆ ಹೊಲಿಗೆ ಹಾಕದೆ ಗಾಯವನ್ನು ತಾನಾಗಿಯೇ ತುಂಬಿಕೊಳ್ಳಲು ಬಿಡುತ್ತಾರೆ. ನೋಡಲು ಭಯವಾದರೂ ಕೆಲವು ವಾರಗಳಲ್ಲಿ ಗಾಯ ಕುಗ್ಗಿ ತೆಳುವಾದ ಗೆರೆಯಾಗುತ್ತದೆ.

ನೆತ್ತಿಯಲ್ಲಿ ಗುಂಡಗೆ ಕೀವುಗುಳ್ಳೆಗಳೆದ್ದು, ನಡುವೆ ಕೂದಲುದುರಿ ನುಣುಪಾದ ಕಲೆಯಾಗುವ ಇನ್ನೊಂದು ವ್ಯಾಧಿಯುಂಟು. ಅದನ್ನು ಫಾಲಿಕ್ಯುಲೈಟಿಸ್ ಡಿಕ್ಯಾಲ್ವನ್ಸ್ ಎನ್ನುತ್ತಾರೆ. ಅದಕ್ಕೆ ರಿಫಾಂಪಿಸಿನ್ ಬಳಸುವುದುಂಟು. ಅದು ಕ್ಷಯರೋಗದ ಅಮೂಲ್ಯ ಔಷಧವಾದ್ದರಿಂದ ನಮ್ಮ ದೇಶದಲ್ಲಿ ತಜ್ಞರಲ್ಲದವರು ಕೊಡಕೂಡದು, ಯಾರೂ ತಾವಾಗಿ ನುಂಗಕೂಡದು. ಮಗನದು ಕತ್ತಿನದೇ ಆದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇವೆ.

ದೂರದ ಊರಿನಲ್ಲಿ ತಮ್ಮವರು ಯಾರೂ ಇಲ್ಲವೆಂದು ತಾಯಿ ಕೊರಗಿದ್ದಾರೆ. ಪುತ್ತೂರು, ಅಮರಸುಳ್ಯಗಳು 1834ರವರೆಗೆ ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದವು. ಆ ಅರಸರು ವೀರಶೈವರೆಂಬುದನ್ನು ಅವರಿಗೆ ನೆನಪಿಸುತ್ತೇವೆ. ಅಷ್ಟೊಂದು ಪರನಾಡೇನೂ ಅಲ್ಲ. ಚಿಕಿತ್ಸೆಗಾಗಿ ಊರಿನ ರಜೆಯವರೆಗೆ ಕಾಯಬೇಕಾಗಿಯೂ ಇಲ್ಲ. ಸುಳ್ಯದಲ್ಲಿಯೇ ಕೆ.ವಿ.ಜಿ. ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಮಂಗಳೂರಿನಲ್ಲಿ ಸರಕಾರದ ವೆನ್ಲಾಕ್ ಆಸ್ಪತ್ರೆಯಿದೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಎನ್ನುತ್ತ ಮುಂದೂಡದೆ, ರಜೆ ಹಾಕಿ ಹೋಗಲಿ. ಹೋಗುವಾಗ ಆ ಟ್ಯೂಬನ್ನೂ ಈವರೆಗಿನ ಚೀಟಿಗಳನ್ನೂ ಒಯ್ಯಲಿ.

ಪಟ್ಟಿಯ ಮೇಲೆ ಕೂದಲು ಮರಳುವುದೇ ಎಂಬ ಪ್ರಶ್ನೆಗೆ ಸುಳ್ಳು ಭರವಸೆ ಕೊಡಲಾರೆವು. ಚೀಲವೇ ನಾಶವಾಗಿ ಕಲೆಗಟ್ಟಿದಲ್ಲಿ ಕೂದಲು ಮತ್ತೆ ಹುಟ್ಟುವುದಿಲ್ಲ. ಉಳಿದ ಕೂದಲನ್ನು ಉಳಿಸಬಹುದು, ಗಂಟನ್ನು ತಗ್ಗಿಸಬಹುದು, ತುರಿಕೆ-ಕೀವುಗಳನ್ನು ನಿಲ್ಲಿಸಬಹುದು, ಅದಕ್ಕಾಗಿಯೇ ಅವಸರ.

ಕೊನೆಯದು, ಹೆಣ್ಣಿನ ಮನೆಯವರ ವಿಷಯ. ಮುಚ್ಚಿಟ್ಟು ಬೇರೆ ಸಂಬಂಧ ನೋಡೋಣವೇ ಎಂದು ತಾಯಿ ಕೇಳಿದ್ದಾರೆ. ಬೇಡ. ತಜ್ಞರು ಪರೀಕ್ಷಿಸಿ ರೋಗದ ಹೆಸರು ಬರೆದುಕೊಟ್ಟ ಚೀಟಿ ಕೈಗೆ ಬಂದ ಮೇಲೆ ಅದೇ ಮನೆಗೆ ಇನ್ನೊಮ್ಮೆ ಹೇಳಿ ಕಳುಹಿಸಿರಿ. ಸೋದರಮಾವನವರನ್ನು ಬೇಕಾದರೆ ಆಸ್ಪತ್ರೆಗೇ ಕರೆದೊಯ್ಯಿರಿ. ವೈದ್ಯರನ್ನು ಅವರೇ ಕೇಳಲಿ. ಹುಡುಗಿಗೆ ಮಾತ್ರ ಈ ವಿಷಯವನ್ನು ಹಿರಿಯರ ಬಾಯಿಂದಲ್ಲ, ನಿಮ್ಮ ಮಗನೇ ಎದುರು ಕುಳಿತು ತಿಳಿಸಲಿ. ಅವಳ ಉತ್ತರ ಏನಾಯಿತೆಂದು, ಸಾಧ್ಯವಾದರೆ, ನಮಗೂ ಒಂದು ಕಾಗದ ಬರೆಯಿರಿ.